ಅಳಿಲಿನ ಬಾಗಿಲಿಗೆ ಬಂದ ನೀಲಿ ಹುಳ

ಒಂದು ಕಾಡಿನಲ್ಲಿ ಮಧ್ಯಾಹ್ನವೆಂದರೆ ಎಲೆಗಳೂ ತೂಕಡಿಸುವ ಹೊತ್ತು. ಮತ್ತಿಮರದ ಪೊಟರೆಯಲ್ಲಿ ಚಿಂಗಿ ಎಂಬ ಅಳಿಲು ಮೂರು ಮರಿಗಳನ್ನು ತಬ್ಬಿಕೊಂಡು ಅರೆನಿದ್ದೆಯಲ್ಲಿತ್ತು. ಕಣ್ಣು ತೆರೆದರೆ ಬಾಗಿಲಲ್ಲೇ ಒಂದು ಹುಳ! ತಲೆ ಕೆಂಪು, ಬೆನ್ನು ಮುಸ್ಸಂಜೆಯ ನೀಲಿ. ಬಿಸಿಲಕೋಲೊಂದು ಆ ಬೆನ್ನಿನ ಮೇಲೆ ಮೆಲ್ಲಗೆ ಜಾರುತ್ತಿತ್ತು. ಚಿಂಗಿ ಹುಟ್ಟಿದಾಗಿನಿಂದ ಅಂಥದ್ದನ್ನು ಕಂಡಿರಲಿಲ್ಲ. ಕನಸೇ ಇರಬೇಕು ಎಂದುಕೊಂಡಿತು.

ಕನಸಲ್ಲ. ಆ ಕಾಡಿನಲ್ಲಿ ಗುರುತಿಲ್ಲದ ಜೀವಿ ಕಂಡರೆ ಪುನುಗುಬೆಕ್ಕನ್ನು ಕರೆಸುವುದು ವಾಡಿಕೆ. ಅದು ಹೇಳಿದ್ದೇ ಹೆಸರು. ಪುನುಗು ಬಂತು. ದೂರದ ಕೊಂಬೆಯಲ್ಲೇ ಕೂತು ಹುಳದ ಕಡೆ ಅರೆಗಣ್ಣು ಬಿಟ್ಟಿತು. ಬೆಚ್ಚನೆಯ ಪೊಟರೆಯ ಕಡೆಗೆ ಮಾತ್ರ ಪೂರ್ತಿ ಕಣ್ಣು!

"ಅಯ್ಯೋ ತಂಗೀ, ಇದು ಮರ ಕೊರೆಯೋ ಹುಳ. ಮೂರೇ ದಿನದಲ್ಲಿ ಮರ ಉರುಳುತ್ತೆ. ನಾಳೆ ಸಂಜೆಯೊಳಗೆ ಹೊರಡು."

"ಎಲ್ಲಿಗೆ ಹೋಗ್ಲಿ ಅಣ್ಣಾ? ಮಕ್ಕಳಿನ್ನೂ ಕಣ್ಣೇ ಬಿಟ್ಟಿಲ್ಲ."

"ಜೀವಕ್ಕಿಂತ ಮನೆ ಹೆಚ್ಚಾ?" ಎಂದು ಬೆಣ್ಣೆಯಂಥ ಮಾತಾಡಿ ಪುನುಗು ಹೊರಟುಹೋಯಿತು.

ಚಿಂಗಿಗೆ ದುಃಖ ತಡೆಯಲಾಗಲಿಲ್ಲ. ಅಳುತ್ತಲೇ ಹುಳವನ್ನು ನೋಡುತ್ತ ಕೂತಿತು. ನೋಡನೋಡುತ್ತ ಅಳು ನಿಂತಿತು. ಮರ ಕೊರೆಯುವ ಹುಳವಾದರೆ ಕೆಳಗೆ ಮರದ ಪುಡಿ ಉದುರಬೇಕಲ್ಲ? ಒಂದು ಚಿಟಿಕೆಯೂ ಇರಲಿಲ್ಲ. ಎಲ್ಲಿಯೂ ತೂತಿರಲಿಲ್ಲ.

ಮರುದಿನ ಕೆಂಜಿಗದ ಸಾಲೊಂದು ಬಂತು. ಒಂದು ಇರುವೆ ಹುಳದ ಕಾಲು ಕಚ್ಚಿತು. ಹುಳ ಸುಮ್ಮನೆ ಹಿಂಭಾಗ ತಿರುಗಿಸಿತು. ಟುಸ್! ಬಿಸಿ ಹೊಗೆ! ಇರುವೆಗಳು ದಿಕ್ಕಾಪಾಲು. ಹುಳ ಮತ್ತೆ ಮೊದಲಿನಂತೆ ಬಿಸಿಲಲ್ಲಿ ತೂಕಡಿಸಿತು.

"ಓಹೋ, ಕೆಣಕಿದವರಿಗೆ ಮಾತ್ರ ನಿನ್ನ ಉರಿ," ಎಂದು ಪಿಸುಗುಟ್ಟಿದ ಚಿಂಗಿ, ಹುಳವನ್ನು ಮುಟ್ಟದೆ ಮರಿಗಳನ್ನು ಪೊಟರೆಯ ಒಳಮೂಲೆಗೆ ಎಳೆದುಕೊಂಡು ಅಲ್ಲೇ ಉಳಿಯಿತು.

ಸಂಜೆ ಪುನುಗು ಬಂತು. "ಮನೆ ಖಾಲಿ!" ಎಂದು ಹಿಗ್ಗಿ, ಹುಳವನ್ನು ಮೂಗಿನಿಂದ ತಳ್ಳಿ ತಲೆ ತೂರಿಸಿತು. ಟುಸ್! ಟುಸ್!

"ಉರಿ! ಉರಿ!" ಪುನುಗು ಕೊಂಬೆಯಿಂದ ಕೊಂಬೆಗೆ ಬಡಿದುಕೊಳ್ಳುತ್ತ ನೆಲಕ್ಕೆ ಬಿತ್ತು. ಮಾಡಿದ್ದುಣ್ಣೋ ಮಹರಾಯ!

ಚಿಂಗಿ ಇಣುಕಿತು. "ಪುನುಗಣ್ಣಾ, ಮರ ಉರುಳುತ್ತೆ ಅಂದಿದ್ದೆಯಲ್ಲ? ಉರುಳಿದ್ದು ನೀನೇ!"

ಅಂದಿನಿಂದ ಗುರುತು ಹೇಳಲು ಯಾರೂ ಪುನುಗನ್ನು ಕರೆಯಲಿಲ್ಲ. ಕೆಲವು ದಿನಕ್ಕೆ ಮರಿಗಳು ಕಣ್ಣು ಬಿಟ್ಟವು. ಅವು ಮೊದಲು ಕಂಡದ್ದು ಬಾಗಿಲಲ್ಲಿ ತೂಕಡಿಸುತ್ತಿದ್ದ ಆ ನೀಲಿಯನ್ನು. ಅದಕ್ಕೆ 'ಟುಸ್ಸಪ್ಪ' ಎಂದು ಹೆಸರಿಟ್ಟವೂ ಅವೇ.

ನೀತಿ: ಗೊತ್ತಿಲ್ಲದ್ದನ್ನು ತೋರಿಸಿ ಯಾರಾದರೂ ಹೆದರಿಸಿದರೆ, ನಂಬುವ ಮೊದಲು ನಾವೇ ಕಣ್ಣಿಟ್ಟು ನೋಡಿ ತಿಳಿಯಬೇಕು.