ನುಚ್ಚು ಬ್ಯಾಡ ಅಂದ ಹುಂಜ

ಚೌಡಮ್ಮನ ಹಿತ್ತಲ ಹುಂಜ ತಿಪ್ಪೆ ಏರಿ ನಿಂತ್ರೆ ಊರೇ ತನ್ನದು ಅನ್ನೋ ಠೀವಿ. ಅದೇ ತಿಪ್ಪೆ ಕೆಳಗೆ ಚುಕ್ಕೆಕೋಳಿ, ಹಸಿದ ಮರಿಗಳನ್ನ ಕಟ್ಕೊಂಡು ಕೆದರೀ ಕೆದರೀ ಸೋತಿದ್ಲು. ಒಂದು ಹುಳಾನೂ ಸಿಕ್ಕಿರ್ಲಿಲ್ಲ. ಅದನ್ನ ನೋಡಿ ಚೌಡಮ್ಮ ಮರಿಗಳಿಗೆ ಅಂತ ಮೊರದ ತುಂಬ ನುಚ್ಚು ತಂದು ಚೆಲ್ಲಿದ್ಲು.

"ಯಾರೂ ಮುಟ್ಟಬ್ಯಾಡಿ!" ಅಂತ ಹುಂಜ ರೆಕ್ಕೆ ಬಡಿದ. "ಮನೆಯೋರು ಹಾಕಿದ್ದು ತಿಂದ್ರೆ ಮರಿಗಳು ಸೋಮಾರಿ ಆಗ್ತವೆ. ಯಾರ ಹಂಗೂ ನಮಗೆ ಬ್ಯಾಡ!"

"ಆಯ್ತು ಯಜಮಾನ್ರೇ," ಅಂದ್ಲು ಚುಕ್ಕೆ. "ಸಂಜೆ ನಮ್ಮ ಮೇಲೆ ಮುಚ್ಚೋ ಮಂಕರಿ ಬುಟ್ಟೀನೂ ಚೌಡಮ್ಮಂದೇ ಅಲ್ವಾ? ಇವತ್ತು ಅದೂ ಬ್ಯಾಡ ಅನ್ನಿ. ಕಾಡುಬೆಕ್ಕು ಬಂದ್ರೆ ನೀವೇ ಹೊರಗೆ ನಿಂತು ನೋಡ್ಕೊಳ್ಳಿ. ಅಷ್ಟು ಮಾಡಿದ್ರೆ ನನ್ನ ಮರಿಗಳೂ ಉಪವಾಸ ಇರ್ತವೆ."

ಹುಂಜ ಬೇಲಿ ಕಡೆ ಒಂದ್ಸಲ ನೋಡ್ದ. ಜುಟ್ಟು ಜೋತುಬಿತ್ತು.

"ಮಂಕರಿ ವಿಷ್ಯ ಬ್ಯಾರೆ ಕಣಮ್ಮಾ," ಅಂತ ಗೊಣಗಿದ.

"ಹೌದೌದು, ಅದರೊಳಗೆ ನೀವೂ ಮಲಗ್ತೀರಲ್ಲ!" ಅಂದವಳೇ ಚುಕ್ಕೆ ಕೊಕ್ ಕೊಕ್ ಅಂತ ಮರಿಗಳನ್ನ ಕರೆದ್ಲು. ಹುಂಜ ತಿಪ್ಪೆಯಿಂದ ಇಳಿಯೋ ಅಷ್ಟರಲ್ಲಿ ಮರಿಗಳು ಒಂದು ಕಾಳೂ ಬಿಡದಂಗೆ ನೆಲ ನುಣ್ಣಗೆ ಮಾಡಿದ್ವು.