ಮಾಬುಸಾಬನ ಹೊತ್ತು

ಕೂತ್ಕೊಳ್ಳಿ, ಕೂತ್ಕೊಳ್ಳಿ. ಅಂಟು ಈಗಷ್ಟೇ ಹಚ್ಚಿದ್ದಾರೆ. ಅದು ಹದಕ್ಕೆ ಬರುವ ತನಕ ನಿಮ್ಮ ಕಾರಿನ ಬಾಗಿಲ ಹತ್ತಿರ ಯಾರೂ ಸುಳಿಯುವಂತಿಲ್ಲ. ಈ ಗ್ಯಾರೇಜಿಗೆ ಬಂದವರು ಈ ಕಲ್ಲಿನ ಮೇಲೆ ಕೂತು ಒಂದು ಕಥೆ ಕೇಳಿಯೇ ಹೋಗಬೇಕು. ಹೇಳುವ ಕೆಲಸ ನನ್ನದು, ನನಗಿಂತ ಮುಂಚೆ ನಮ್ಮವ್ವನದಾಗಿತ್ತು.

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂದರೆ, ಈ ಬೇವಿನ ಮರ ಇನ್ನೂ ಬೀಜದೊಳಗೆ ಮಲಗಿತ್ತು. ಕೆಂಬೂದಿಹಾಳ ಅಂತ ಒಂದು ಊರು, ಇದೇ ಊರು. ಊರ ಹಿಂದಿನ ಗುಡ್ಡ ಅಗೆದು ಅದಿರು ತೆಗೆಯುತ್ತಿದ್ದರು. ಗಾಳಿ ಎದ್ದರೆ ಸಾಕು, ಆಕಾಶವೇ ಕೆಂಪಾಗುತ್ತಿತ್ತು. ಬಿಳಿ ಹಸು ಕೊಂಡು ತಂದವನ ಹಟ್ಟಿಯಲ್ಲಿ ವಾರ ಕಳೆಯುವುದರೊಳಗೆ ಕೆಂದ ಹಸು ನಿಂತಿರುತ್ತಿತ್ತು ಅಂತಾರೆ.

ಆ ಊರಲ್ಲಿ ಮಾಬುಸಾಬ ಅಂತ ಒಬ್ಬನಿದ್ದ. ಗಾಡಿಗಳ ಬಾಗಿಲಿಗೆ ರಬ್ಬರು ಕೂಡಿಸುವುದು ಅವನ ಕಸುಬು. ಬಾಗಿಲಿನ ಸುತ್ತ ಇರುತ್ತದಲ್ಲ ಕರಿ ರಬ್ಬರು, ಗಾಳಿ ಮಳೆ ಒಳಗೆ ನುಗ್ಗದ ಹಾಗೆ, ಅದು. ಇಂಜಿನ್ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವನು ರಬ್ಬರು ಕೂಡಿಸಿದ ಜೀಪೊಂದು ತುಂಬಿದ ಹಳ್ಳ ದಾಟಿ ಬಂದಾಗ ಡ್ರೈವರನ ಬೀಡಿಯ ಬೆಂಕಿ ಕೂಡ ಆರಿರಲಿಲ್ಲ ಅಂತಾರೆ. ಒಮ್ಮೆ ಒಂದು ನೊಣ ಒಳಗೆ ಸಿಕ್ಕಿಕೊಂಡು, ಹೊರಗೆ ಬರಲು ದಾರಿ ಕಾಣದೆ, ಡ್ರೈವರನ ಜೊತೆ ಊರೂರು ತಿರುಗಿ ಅಲ್ಲೇ ಮುದಿಯಾಯಿತು ಅಂತಾರೆ. ನೊಣದ ವಿಷಯ ನಾನು ನಂಬುವುದಿಲ್ಲ. ಜೀಪಿನದು ನಂಬುತ್ತೇನೆ.

ಅವನು ಕೆಲಸ ಮಾಡುವ ರೀತಿ ಹೀಗಿತ್ತು. ಮೊದಲು ಎಮ್ಮೆಕೊಂಬಿನ ಚೂರಿನಿಂದ ಹಳೇ ಅಂಟನ್ನೆಲ್ಲ ಕೆರೆಯುತ್ತಿದ್ದ. ಸೀಮೆಎಣ್ಣೆ ಹಾಕಿ ಒರೆಸುತ್ತಿದ್ದ. ಆಮೇಲೆ ಬಾಗಿಲಿಗೂ ಅಂಟು ಹಚ್ಚುತ್ತಿದ್ದ, ರಬ್ಬರಿಗೂ ಹಚ್ಚುತ್ತಿದ್ದ. ಹಚ್ಚಿದವನೇ ಎಲ್ಲ ಬಿಟ್ಟು, ಕೈಕಾಲು ತೊಳೆದು, ಕೆರೆಯ ಹತ್ತಿರದ ಮಸೀದಿಗೆ ನಮಾಜಿಗೆ ಹೋಗಿಬಿಡುತ್ತಿದ್ದ. ಬಂದಮೇಲೆ ಅಂಟನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ ರಬ್ಬರು ಕೂಡಿಸುತ್ತಿದ್ದ. ಒಂದು ನಮಾಜಿಗೆ ಒಂದು ಬಾಗಿಲು. ಮಧ್ಯಾಹ್ನದಿಂದ ಶುರು ಮಾಡಿದರೆ ನಾಲ್ಕು ನಮಾಜಿಗೆ ನಾಲ್ಕು ಬಾಗಿಲು ಮುಗಿಯುತ್ತಿತ್ತು. ಬೆಳಗಿನ ನಮಾಜು ಮಾತ್ರ ಯಾವ ಬಾಗಿಲಿಗೂ ಕೊಡದೆ ದೇವರಿಗೇ ಮೀಸಲಿಟ್ಟಿದ್ದ ಅಂತಾರೆ.

ಇನ್ನು ಕೊಟ್ರಗೌಡರ ವಿಷಯ. ಊರಿಗೆಲ್ಲ ಇದ್ದದ್ದು ಒಂದೇ ಕಾರು, ಅದು ಗೌಡರದು. ಹಳೇ ಕಾಲದ್ದು, ಆನೆಮರಿಯಂಥ ಗುಂಡನೆಯ ಕಾರು. ಗೌಡರು ಒಳ್ಳೆಯವರು, ಆದರೆ ತಾಳ್ಮೆ ಅನ್ನುವುದು ಅವರ ಓಣಿಯಲ್ಲೂ ಹಾದುಹೋಗಿರಲಿಲ್ಲ. ರೊಟ್ಟಿ ಹಂಚಿನ ಮೇಲಿರುವಾಗಲೇ ಮುರಿದು ತಿನ್ನುವ ಮನುಷ್ಯ.

ಗೌಡರ ಸೊಸೆ ನೀಲವ್ವ. ಕೆರೆ, ತೋಟ ಇರುವ ತಂಪು ಸೀಮೆಯಿಂದ ಬಂದವಳು. ಈ ಧೂಳು ಅವಳಿಗೆ ಒಗ್ಗಲಿಲ್ಲ, ಉಬ್ಬಸ ಹಿಡಿಯಿತು. ಚೊಚ್ಚಲ ಹೆರಿಗೆಗೆ ಪಟ್ಟಣದ ದೊಡ್ಡಾಸ್ಪತ್ರೆಗೆ ಇದೇ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದರು. ಅದಿರಿನ ರಸ್ತೆ, ಇಪ್ಪತ್ನಾಲ್ಕು ಮೈಲಿ. ಬಾಗಿಲ ಸಂದಿಗಳಿಂದ ಧೂಳು ಹೊಗೆಯ ಹಾಗೆ ನುಗ್ಗಿತು. ಒದ್ದೆ ಸೀರೆ ತುರುಕಿದರು, ಕಂಬಳಿ ಹಿಡಿದರು, ನಿಲ್ಲಲಿಲ್ಲ. ಅರ್ಧ ದಾರಿಯಲ್ಲಿ ಅವಳ ತುಟಿ ನೀಲಿಯಾಗಿ, ಗಾಡಿ ತಿರುಗಿಸಿ ಮನೆಗೆ ತಂದರು. ಅವಳು ಉಳಿದಳು, ಕೂಸು ಉಳಿಯಲಿಲ್ಲ.

ಎರಡು ವರ್ಷಕ್ಕೆ ಮತ್ತೆ ಬಸಿರಾದಳು. ಪಟ್ಟಣದ ಡಾಕ್ಟರಮ್ಮ ಹೇಳಿ ಕಳಿಸಿದರು, ಮನೆಯಲ್ಲಿ ಹೆರಿಗೆ ಬೇಡವೇ ಬೇಡ, ಹುಣ್ಣಿಮೆಯೊಳಗೆ ತಂದು ಇಲ್ಲಿ ಸೇರಿಸಿ ಅಂತ. ಆದರೆ ಕಾರಿನ ಹೆಸರೆತ್ತಿದರೆ ನೀಲವ್ವನಿಗೆ ಉಸಿರು ಕಟ್ಟುತ್ತಿತ್ತು. "ಮಾವಾರೇ, ಅದ್ರಾಗ ಮಾತ್ರ ನನ್ನ ಕುಂದ್ರಸಬ್ಯಾಡ್ರಿ" ಅಂತ ಕೈಮುಗಿದಳಂತೆ. ಗೌಡರು ಅವತ್ತೇ ಮಾಬುಸಾಬನ ಮನೆಗೆ ನಡೆದುಕೊಂಡು ಹೋದರು. ಅವರು ಒಬ್ಬರ ಮನೆಗೆ ನಡೆದು ಹೋದದ್ದು ಅದೇ ಮೊದಲು ಅಂತಾರೆ.

ಮಾಬುಸಾಬ ಬಾಗಿಲುಗಳ ಸುತ್ತ ದಾರ ಹಿಡಿದು ಅಳತೆ ತೆಗೆದ, ಪಟ್ಟಣದಿಂದ ರಬ್ಬರಿನ ಸುರುಳಿ ತರಿಸಿದ. ಬಂದದ್ದು ಒಂದು ಗೇಣು ಕಡಿಮೆ. ಇರಲಿ, ಕೆಳಗಡೆ ಒಂದು ತುಂಡು ಜೋಡಿಸಿದರಾಯಿತು ಅಂದುಕೊಂಡು ಕೆಲಸಕ್ಕೆ ನಿಂತ. ಹುಣ್ಣಿಮೆಗೆ ಇನ್ನು ಮೂರೇ ದಿನ.

ಮೂರು ಬಾಗಿಲು ಸಲೀಸಾಗಿ ಮುಗಿದವು. ಕೊನೆಯದು, ನೀಲವ್ವ ಕೂರುವ ಕಡೆಯ ಹಿಂಬಾಗಿಲು. ಮಾಬುಸಾಬ ಅಂಟು ಹಚ್ಚಿ ನಮಾಜಿಗೆ ಹೋದ. ಗೌಡರಿಗೆ ತಳಮಳ. ಅಂಟು ಒಣಗಿ ಹೋಗುತ್ತಿದೆ, ಇವನು ಕೆಲಸ ಬಿಟ್ಟು ದೇವರ ಹತ್ತಿರ ಕೂತಿದ್ದಾನಲ್ಲ! ತಡೆಯಲಾರದೆ ತಾವೇ ರಬ್ಬರು ಹಿಡಿದು ಒತ್ತಿದರು. ಕೊನೆಗೆ ಒಂದು ಗೇಣು ಸಾಲದೆ ಬಂತು. ರಬ್ಬರಲ್ಲವೇ, ಎಳೆದರೆ ಬರುತ್ತದೆ ಅಂತ ಎಳೆದು ಎಳೆದು ತುದಿ ಸೇರಿಸಿಯೇ ಬಿಟ್ಟರು. ಮಾಬುಸಾಬ ಬಂದಾಗ ಬಾಗಿಲು ಮುಚ್ಚಿತ್ತು. ನಾನೇ ಮುಗಿಸಿದೆ ನೋಡು ಅಂತ ಗೌಡರು ಮೀಸೆ ತಿರುವಿದರು. ಮಾಬುಸಾಬ ಬಾಗಿಲ ಮೂಲೆಯನ್ನೊಮ್ಮೆ ನೋಡಿದ. ಬೆಳಿಗ್ಗೆ ನೋಡೋಣ್ರಿ ಅಂದು ಮನೆಗೆ ಹೋದ.

ಬೆಳಿಗ್ಗೆ ಬಂದವನು ಕಾರಿನೊಳಗೆ ಲೋಬಾನದ ಹೊಗೆ ಇಟ್ಟು ನಾಲ್ಕೂ ಬಾಗಿಲು ಮುಚ್ಚಿದ. ಮಾಟ ಮಾಡುತ್ತಿದ್ದಾನೆ ಅಂತ ಜನ ಸೇರಿದರು. ಮಾಟವೂ ಇಲ್ಲ, ಮಂತ್ರವೂ ಇಲ್ಲ, ಹೊಗೆ ಎಲ್ಲಿ ಹೊರಗೆ ಬರುತ್ತದೋ ಅಲ್ಲೇ ಧೂಳು ಒಳಗೆ ಹೋಗುತ್ತದೆ, ಅಷ್ಟೇ. ಮೂರು ಬಾಗಿಲಲ್ಲಿ ಒಂದೆಳೆ ಹೊಗೆಯೂ ಬರಲಿಲ್ಲ. ನೀಲವ್ವನ ಬಾಗಿಲ ಎರಡು ಮೂಲೆಯಿಂದ ಮಾತ್ರ ಬುಸಬುಸನೆ ಬಂತು. ತೆರೆದು ನೋಡಿದರೆ ರಬ್ಬರು ಮೂಲೆ ಬಿಟ್ಟು ಒಂದು ಬೆರಳು ಒಳಗೆ ಸರಿದಿತ್ತು.

"ಗೌಡ್ರೇ, ರಬ್ಬರಿಗೆ ನೆನಪೈತ್ರಿ" ಅಂದ ಮಾಬುಸಾಬ. "ಎಳದ್ರ ಬರ್ತೈತಿ. ಆದ್ರ ಬೆಳಗಾಗೋದ್ರಾಗ ತನ್ನ ಅಳತಿಗೆ ತಾನು ಹೋಗಿಬಿಡ್ತೈತಿ. ಅದನ್ನ ಎಳೀಬಾರ್ದು, ಕೂಡಸಬೇಕು."

ಗೌಡರು ಕಟ್ಟೆಯ ಮೇಲೆ ಕುಸಿದು ಕೂತರು. ಮೊದಲ ಮೊಮ್ಮಗು ಧೂಳಿಗೆ ಹೋಯಿತು, ಇದನ್ನು ನಾನೇ ಕೈಯಾರೆ ಕಳಿಸುತ್ತೇನೇನೋ ಅಂತ ಊರ ಮುಂದೆ ಅತ್ತರಂತೆ. ಎಳೆದು ಕೂಡಿಸಿದ್ದ ರಬ್ಬರು ಕೀಳುವಾಗ ಹರಿದು ಚಿಂದಿಯಾಗಿತ್ತು, ಪಟ್ಟಣದಿಂದ ಮತ್ತೆ ತರಿಸುವಷ್ಟು ದಿನ ಉಳಿದಿರಲಿಲ್ಲ. ಆಗ ಮಾಬುಸಾಬ ತನ್ನ ಚಪ್ಪಲಿ ಕರಗಿಸಿ ರಬ್ಬರು ಎರೆದ ಅಂತಾರೆ. ಸುಳ್ಳು. ಹಾವಿನ ಪೊರೆ ತಂದು ಅಂಟಿಸಿದ ಅಂತಾರೆ. ಅದೂ ಸುಳ್ಳು. ನಮ್ಮವ್ವ ಹೇಳಿದ್ದೇ ನಿಜ. ಹೋದ ವರ್ಷ ಸಾಮಾನು ನೆನೆಯದ ಹಾಗೆ ತಾನೇ ಇದೇ ಕಾರಿನ ಡಿಕ್ಕಿಗೆ ಕೂಡಿಸಿದ್ದ ರಬ್ಬರನ್ನು ಎಮ್ಮೆಕೊಂಬಿನಿಂದ ಅಂಗುಲ ಅಂಗುಲವಾಗಿ ಬಿಡಿಸಿಕೊಂಡ. ಪೆಟ್ಟಿಗೆಗಳಿಗೆ ಉಬ್ಬಸ ಬರೋದಿಲ್ಲ ಬಿಡ್ರಿ ಅಂದನಂತೆ.

ಎರಡೂ ಕಡೆ ಅಂಟು ಹಚ್ಚಿ ಎದ್ದು ನಿಂತ. "ನಾ ನಮಾಜಿಗೆ ಹೊಂಟೆ. ನೀವು ಒಳಗ ಹೋಗಿ ಲಿಂಗಪೂಜಿ ಮಾಡ್ಕೊಂಡು ಬರ್ರಿ. ಅವಸರ ಮಾಡಬ್ಯಾಡ್ರಿ."

ಹುಟ್ಟಿದಾರಭ್ಯ ಗೌಡರು ಅಷ್ಟು ನಿಧಾನವಾಗಿ ಪೂಜೆ ಮಾಡಿದ್ದಿಲ್ಲ. ಇವರು ವಿಭೂತಿ ಹಣೆಯಲ್ಲಿ ಹೊರಗೆ ಬಂದರು, ಅವನು ಮಸೀದಿಯಿಂದ ಬಂದ. ಇಬ್ಬರೂ ಒಟ್ಟಿಗೇ ಕಾರಿನ ಹತ್ತಿರ ನಿಂತರು. ಮಾಬುಸಾಬ ಗೌಡರ ಕೈ ಹಿಡಿದು ಬೆರಳ ಹಿಂಬದಿಯನ್ನು ಅಂಟಿಗೆ ಮುಟ್ಟಿಸಿದ. ಬೆರಳಿಗೆ ಏನೂ ಹತ್ತಲಿಲ್ಲ, ಅಂಟು ಹದಕ್ಕೆ ಬಂದಿತ್ತು. ಆಗ ಗೌಡರಿಗೆ ಗೊತ್ತಾಯಿತು, ಇವನು ಕೆಲಸ ಬಿಟ್ಟು ನಮಾಜಿಗೆ ಹೋಗುತ್ತಿರಲಿಲ್ಲ, ಕಾಯುವುದೂ ಕೆಲಸವೇ ಆಗಿತ್ತು.

ಎಳೆಯದೆ ರಬ್ಬರು ಕೂಡಿಸಿ, ಬೆಳಗಿನ ತನಕ ಬಾಗಿಲು ಮುಚ್ಚಿಟ್ಟರು. ಮತ್ತೆ ಲೋಬಾನ ಇಟ್ಟರು, ಹೊಗೆ ಒಳಗೇ ಸುತ್ತಿತು. ನೀಲವ್ವನಿಗೆ ಆ ಹೊಗೆಯೂ ಆಗದು ಅಂತ ಹಗಲೆಲ್ಲ ಬಾಗಿಲು ತೆಗೆದು ಗಾಳಿಯಾಡಿಸಿದರು. ಹುಣ್ಣಿಮೆಯ ದಿನ ಅವಳು ಹಸಿರು ಸೀರೆ ಉಟ್ಟು, ದೇವರ ಮೇಲೆ ಭಾರ ಹಾಕಿ ಹತ್ತಿದಳು. ಆವತ್ತಿನಂಥ ಗಾಳಿ ಮತ್ತೆ ಎದ್ದಿಲ್ಲ ಅಂತಾರೆ. ಎದುರಿಗೆ ರಸ್ತೆಯೇ ಕಾಣದು. ಗೌಡರು ಹಿಂದೆ ತಿರುಗಿ ತಿರುಗಿ ಕೇಳುತ್ತಲೇ ಇದ್ದರು, ಉಸಿರು ಹೆಂಗೈತವ್ವಾ ಅಂತ. ಹದಿನೆಂಟನೇ ಮೈಲಿಯಲ್ಲಿ ಉತ್ತರ ಬರಲಿಲ್ಲ. ಸೀಟಿನ ಮೇಲೆ ಬಗ್ಗಿ ನೋಡಿದರೆ, ನೀಲವ್ವ ಸೀಟಿಗೆ ಒರಗಿ ನಿದ್ದೆ ಹೋಗಿದ್ದಳು.

ಆಸ್ಪತ್ರೆಯ ಮುಂದೆ ನಿಂತಾಗ ಕಾರಿನ ಬಣ್ಣ ಯಾವುದೆಂದು ಯಾರಿಗೂ ತಿಳಿಯಲಿಲ್ಲ, ಅಷ್ಟು ಕೆಂಪು. ಬಾಗಿಲು ತೆರೆದರೆ ಸೀರೆ ಹಸಿರಾಗಿಯೇ ಇತ್ತು. ಡಿಕ್ಕಿಯಲ್ಲಿದ್ದ ಕೂಸಿನ ಬಿಳಿ ಬಟ್ಟೆಗಳು ಮಾತ್ರ ಧೂಳು ಕುಡಿದು ಕೆಂಪಾಗಿದ್ದವು. ಆಯಾ ಎಷ್ಟು ಒಗೆದರೂ ಬಣ್ಣ ಪೂರ್ತಿ ಬಿಡಲಿಲ್ಲ. ಮೂರನೇ ದಿನಕ್ಕೆ ಹೆಣ್ಣುಮಗು ಹುಟ್ಟಿತು, ಗಟ್ಟಿ ದನಿಯದು. ಆ ಕೆಂಪು ಬಟ್ಟೆಯಲ್ಲೇ ಸುತ್ತಿ ಊರಿಗೆ ತಂದರು. ಮಾಬುಸಾಬ ಕಾರಿನ ಬಾಗಿಲು ತೆರೆದು, ಕೂಸನ್ನು ನೋಡುವ ಮೊದಲು ರಬ್ಬರಿನ ಮೂಲೆ ನೋಡಿದ ಅಂತಾರೆ. ಕಸುಬಿನವರು ಹಾಗೇ.

ಅವನು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ನಮ್ಮೂರಲ್ಲಿ, ಯಾವ ಜಾತಿಯವರೇ ಆಗಲಿ, ಹುಟ್ಟಿದ ಕೂಸಿನ ಮೊದಲ ಬಟ್ಟೆಯನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿ, ಒಗೆದು ಒಣಹಾಕುತ್ತಾರೆ. ಹಿತ್ತಲ ತಂತಿಯ ಮೇಲೆ ಕೆಂಪು ಬಟ್ಟೆ ಕಂಡರೆ ಆ ಮನೆಗೆ ಉಸಿರು ಬಂತು ಅಂತಾರೆ. ಯಾರಾದರೂ ಅವಸರ ಮಾಡಿದರೆ, ಒಂದು ಮಾಬುಸಾಬನ ಹೊತ್ತು ತಡಿಯಪ್ಪ ಅಂತಾರೆ. ಅದು ಎಷ್ಟು ಹೊತ್ತು ಅಂತ ಹೊರಗಿನವರು ಕೇಳುತ್ತಾರೆ. ಒಂದು ನಮಾಜಿನಷ್ಟು, ಒಂದು ಲಿಂಗಪೂಜೆಯಷ್ಟು. ದೇವರನ್ನು ನಂಬದವರೂ ಬರುತ್ತಾರಲ್ಲ, ಅವರಿಗೆ ಈ ಕಥೆಯಷ್ಟು.

ಏಳಿ ಈಗ. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ಹದಕ್ಕೆ ಬಂದಿರುತ್ತದೆ.