ಹಿಡಿಯಕ್ಕಿ ಮುಟ್ಟಿದ ಬಾರೂಕ

"ಹೊಳೆಯಾಚೆಯವರೇ, ಹೊಳೆಯೀಚೆಯವರೇ, ಕಿವಿಗೊಟ್ಟು ಕೇಳಿ! ಅಸಾಫರಾಯ ದೊರೆಗಳ ಅಪ್ಪಣೆ! ಸತ್ಯವೇದದ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಯೆಮೀಮಳೂ ಅರ್ಧ ರಾಜ್ಯವೂ ಸಲ್ಲುವುದು. ತಪ್ಪು ಹೇಳಿದವನ ತಲೆ ಇಂದು ಸಂಜೆ ಉರುಳುವುದು. ಯಾರೂ ಬಿಡಿಸದಿದ್ದರೆ, ತಂದೆಯ ಮಾತು ಮೀರಿದ ರಾಜಕುಮಾರಿಗೆ ಸೆರೆಮನೆಯೇ ಗತಿ!"

ಡಂಗುರ ಕೇಳಿ ಊರು ಬೆಚ್ಚಿಬಿತ್ತು. ದೊರೆ ತನ್ನ ಕಣಜಗಳನ್ನೆಲ್ಲ ದೇವರಿಗೆ ಮುಡಿಪು ಮಾಡಿದ್ದ. "ಮುಡಿಪಿನ ಕಾಳು ನಿನ್ನ ಬಾಯಿಗೆ ಸಲ್ಲದು" ಎಂದು ಹೆತ್ತ ತಾಯಿಯನ್ನೇ ಕೋಟೆಯ ಹೊರಗಿನ ಗುಡಿಸಲಿಗೆ ಅಟ್ಟಿದ್ದ. ಅರಮನೆಯ ಪಂಕ್ತಿಗೆ ಮಾತ್ರ ಅದೇ ಕಾಳು ಹೇಗೋ ಸಲ್ಲುತ್ತಿತ್ತು. ಅಜ್ಜಿಗೆ ಗಂಜಿ ಒಯ್ಯುತ್ತಿದ್ದ ಯೆಮೀಮ ಸಿಕ್ಕಿಬಿದ್ದಳು.

"ಅಪ್ಪನ ಮಾತು ಮೀರುತ್ತೀಯಾ?" ಎಂದು ದೊರೆ ಗುಡುಗಿದ.

"ನಿಮ್ಮ ಹೆತ್ತಮ್ಮನನ್ನೇ ಹೊರಗಟ್ಟಿದ ನೀವು ಕೇಳುವ ಮಾತೇ ಇದು, ಅಪ್ಪಾಜಿ?" ಎಂದಳು ಮಗಳು.

"ವೇದವೇ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಅದನ್ನು ಒಂದು ಮಾಡಿ ತೋರಿಸುವವನು ಬರಲಿ, ಆಮೇಲೆ ನಿನಗೆ ಬಗ್ಗುತ್ತೇನೆ" ಎಂದು ದೊರೆ ಆಣೆಯಿಟ್ಟ. ಡಂಗುರ ಹುಟ್ಟಿದ್ದು ಹೀಗೆ.

ಬುಟ್ಟಿ ಹೆಣೆಯುವ ಬಾರೂಕ ಆ ಗುಡಿಸಲ ಮುಂದೆ ಹಾದುಹೋಗುವಾಗ ಒಮ್ಮೆ ಒಳಗೆ ಇಣುಕಿದ್ದ. ದೊರೆಯ ತಾಯಿ ಬರಿಯ ಮಡಕೆಯನ್ನು ಒಲೆಯ ಮೇಲಿಟ್ಟು ಉರಿ ಊದುತ್ತಿದ್ದಳು. ಮಗ ಉಪವಾಸ ಹಾಕಿದ್ದಾನೆಂದು ಜನ ಆಡಿಕೊಳ್ಳದಿರಲಿ, ಹೊಗೆಯಾದರೂ ಕಾಣಲಿ ಎಂದು. ಡಂಗುರ ಕಿವಿಗೆ ಬಿದ್ದದ್ದೇ ಬಾರೂಕ ಹೆಣೆಯುತ್ತಿದ್ದ ಬುಟ್ಟಿ ಕೆಳಗಿಟ್ಟು ಎದ್ದ.

ಅವನು ಅರಮನೆ ಮುಟ್ಟುವಷ್ಟರಲ್ಲಿ ಕುದುರೆ ವ್ಯಾಪಾರಿ ಎಲೀಫಜ ಮೊದಲ ಒಗಟಿನ ಮುಂದೆ ನಿಂತಿದ್ದ.

"ತಂದೆತಾಯಿಗೆ ಮರ್ಯಾದೆ ಕೊಡು ಎನ್ನುವ ವೇದವೇ, ಅವರನ್ನು ಹಗೆಮಾಡದವನು ದೇವರ ಶಿಷ್ಯನಾಗಲಾರ ಎನ್ನುತ್ತದೆ. ಹೇಗೆ ಕೂಡುತ್ತದೆ?" ಎಂದು ದೊರೆ ಕೇಳಿದ.

"ಆಸ್ತಿ ಕೈಗೆ ಬರುವ ತನಕ ಮರ್ಯಾದೆ, ಬಂದ ಮೇಲೆ ಹಗೆ, ಪ್ರಭು!" ಎಂದ ಎಲೀಫಜ. ಅವನ ಕೈಗೆ ಹಗ್ಗ ಬಿತ್ತು.

ಪಂಡಿತ ತೆರ್ತುಲ್ಲ ಗಂಟಲು ಸರಿಮಾಡಿಕೊಂಡು, "ಬರೆದವನ ಕೈ ತಪ್ಪಿರಬೇಕು" ಎಂದ. ಸಭೆ ಹೌಹಾರಿತು. ಅವನನ್ನೂ ಕಟ್ಟಿದರು.

ಬಾರೂಕ ಮುಂದೆ ಬಂದ. ದೊರೆ ನಕ್ಕ. "ಏನೋ ಬುಟ್ಟಿಯವನೇ, ನಿನ್ನ ತಲೆ ಒಯ್ಯಲು ಬುಟ್ಟಿ ತಂದಿದ್ದೀಯೋ?"

"ಇಲ್ಲ ಬುದ್ಧಿ. ಹೆಗಲ ಮೇಲಿಟ್ಟುಕೊಂಡೇ ಹೋಗೋಣ ಅಂತಿದ್ದೇನೆ."

ಅದೇ ಮೊದಲ ಒಗಟಿಗೆ ಅವನು ಕೈಮುಗಿದು ಉತ್ತರ ಹೇಳಿದ.

"ಹೋಗಬೇಡ ಮಗಾ ಅಂತ ನನ್ನಮ್ಮ ಬಾಗಿಲಿಗೆ ಅಡ್ಡ ಕೂತಳು, ಬುದ್ಧಿ. ಅಳುತ್ತಿದ್ದವಳನ್ನು ದಾಟಿ ಬಂದೆ. ಕಂಡವರು ಇವನು ತಾಯಿಯನ್ನು ಹಗೆಮಾಡಿದ ಅಂದರು. ಆದರೆ ಹಸಿದವರನ್ನು ಬಿಟ್ಟು ನಡೆಯಬೇಡ ಅಂತ ಕಲಿಸಿದವಳೂ ಅವಳೇ. ದೇವರು ಮೊದಲು, ತಾಯಿ ಅವನ ನಂತರ. ಹಾಗೆ ನಡೆಯುವ ದಿನ ಪ್ರೀತಿಯೇ ಹಗೆಯ ಹಾಗೆ ಕಾಣುತ್ತದೆ. ಹೆತ್ತವಳಿಗೆ ಗಂಜಿ ಹಾಕಬೇಡ ಅಂತ ಆ ಮಾತಿನಲ್ಲಿ ಎಲ್ಲಿದೆ?"

ದೊರೆಯ ನಗು ಆರಿತು. ಎರಡನೆಯ ಒಗಟು ಮುಂದಿಟ್ಟ. "ಅಪ್ಪನನ್ನು ಹೂಣಿಟ್ಟು ಬರುತ್ತೇನೆ ಎಂದವನಿಗೆ ವೇದದಲ್ಲಿ, ಸತ್ತವರೇ ಸತ್ತವರನ್ನು ಹೂಣಿಡಲಿ ಎಂಬ ಉತ್ತರ ಸಿಕ್ಕಿತು. ಹೆಣ ಹೆಣವನ್ನು ಹೇಗೆ ಹೂಣುತ್ತದೆ?"

ಕಿಟಕಿಯಾಚೆ ಉಳಿಯ ಸದ್ದು ಕೇಳುತ್ತಿತ್ತು. ದೊರೆ ತಾಯಿಗೆಂದು ಅಮೃತಶಿಲೆಯ ಸಮಾಧಿ ಕಟ್ಟಿಸುತ್ತಿದ್ದ, ಅವಳಿನ್ನೂ ಬದುಕಿರುವಾಗಲೇ.

"ಜೀವವಿದ್ದಾಗ ನೀರು ಕೊಡದೆ, ಹೋದ ಮೇಲೆ ಬೇಕೆಂದು ಕಲ್ಲು ಕೆತ್ತಿಸುವವನ ಎದೆ ಸತ್ತಿರುತ್ತದೆ, ಬುದ್ಧಿ. ಹೂಣುವ ಹೆಣ ಅವನೇ."

ಉಳಿದದ್ದು ಮೂರನೆಯ ಒಗಟು. ದೊರೆಯ ದನಿ ಕರ್ಕಶವಾಯಿತು. "ದೇವರದ್ದನ್ನು ಕದ್ದವನು ಕಳ್ಳ. ದೇವರಿಗೆ ಕೊಟ್ಟೇ ಕಳ್ಳನಾದವನು ಯಾರು?"

ಆ ನಾಡಿನ ಹೆಂಗಸರು ಅಡಿಗೆಗೆ ಕೂರುವಾಗ ಒಂದು ಹಿಡಿ ಅಕ್ಕಿಯನ್ನು ದೇವರ ಮಡಕೆಗೆ ಹಾಕುತ್ತಿದ್ದರು. ಅದನ್ನು ಮುಟ್ಟಿದರೆ ಮರಣದಂಡನೆ. ಬಾರೂಕ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ: "ಅಮ್ಮ ಜ್ವರದಲ್ಲಿ ಮಲಗಿದ್ದಾಗ ಹಿಡಿಯಕ್ಕಿ ತೆಗೆದು ಗಂಜಿ ಮಾಡಿದವನು ನಾನು."

"ಅಯ್ಯೋ!" ಎಂದು ಸಭೆ ಎದ್ದು ನಿಂತಿತು. ಯೆಮೀಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಟುಕ ಕತ್ತಿ ಹಿರಿದ.

"ತೆಗೆಯಿರಿ ನನ್ನ ತಲೆ. ಆದರೆ ತಾಯಿಗೆ ಮರ್ಯಾದೆ ಕೊಡು ಅಂದ ದೇವರು ತಾಯಿಯ ಹಸಿವನ್ನು ಕಾಣಿಕೆಯಾಗಿ ಉಣ್ಣುತ್ತಾನೆಯೇ? ಹೆತ್ತವಳ ಪಾಲನ್ನು ಮುಡಿಪು ಅಂತ ಬಚ್ಚಿಟ್ಟವನು ಕೊಟ್ಟೇ ಕಳ್ಳನಾದ. ಉತ್ತರ ಅವನೇ, ಬುದ್ಧಿ."

ದೊರೆ ಕತ್ತಿಯವನನ್ನು ಪಕ್ಕಕ್ಕೆ ತಳ್ಳಿದ. ಬರಿಗಾಲಲ್ಲಿ ಗುಡಿಸಲಿಗೆ ನಡೆದ. ಬಾರೂಕನೂ ಜನವೂ ಹಿಂದೆಯೇ. ಕಾಲಸಪ್ಪಳ ಕೇಳಿದ ಮುದುಕಿ, ಸಿಪಾಯಿಗಳು ಬಂದರೆಂದು, ಸೆರಗಿನೊಳಗೆ ಏನನ್ನೋ ಅಡಗಿಸಿಕೊಂಡಳು.

"ಕಣಜದ್ದಲ್ಲ ಕಣಪ್ಪಾ," ಎಂದು ಗೋಗರೆದಳು. "ಕಣದಲ್ಲಿ ಕೋಳಿ ಬಿಟ್ಟುಹೋದ ಕಾಳು. ನನ್ನ ಮಗನಿಗೆ ಹೇಳಬೇಡಿ."

ಅಸಾಫರಾಯ ಇದ್ದಲ್ಲೇ ಕುಸಿದು ತಾಯಿಯ ಪಾದಕ್ಕೆ ಹಣೆ ಹಚ್ಚಿದ.

ಅಂದೇ ಕಣಜ ತೆರೆಯಿತು. ತಾಯಿ ಮಗನ ತೋಳು ಹಿಡಿದು ಅರಮನೆ ಸೇರಿದಳು. ಕಟ್ಟಿದವರ ಹಗ್ಗ ಬಿಚ್ಚಿದರು. "ಒಗಟು ಬಿಡಿಸಿದವನು ನನಗೂ ಒಪ್ಪಿಗೆ" ಎಂದಳು ಯೆಮೀಮ. ಅರ್ಧ ರಾಜ್ಯವೂ ಬಾರೂಕನದಾಯಿತು.

ಪಲ್ಲಕ್ಕಿಯಲ್ಲಿ ಮನೆಗೆ ಬಂದ ಬಾರೂಕನನ್ನು ತಾಯಿ ಸುಸನ್ನವ್ವ ಹೊಸ್ತಿಲಲ್ಲೇ ತಡೆದಳು.

"ಅಮ್ಮಾ, ಅರ್ಧ ರಾಜ್ಯ ತಂದಿದ್ದೇನೆ!"

"ಸುಮ್ಮನಿರೋ, ಹೇಳಿದ ಮಾತು ಕೇಳದವನೇ," ಎಂದು ಬೈಯುತ್ತ, ಆಕೆ ಅವನ ಕುತ್ತಿಗೆಯ ಸುತ್ತ ಎರಡೂ ಕೈಯಿಂದ ತಡವಿ ತಡವಿ ನೋಡುತ್ತಲೇ ಇದ್ದಳು.